ಐದನೇ ಪಾರ್ಟಿಷನ್ ಮಾಡಹೋದರೆ ವಿಂಡೋಸ್ ‘ಡೈನಾಮಿಕ್ ಮಾಡಲೇ?’ ಅಂತ ಕೇಳುತ್ತದೆ, ಯೆಸ್ ಒತ್ತಬಹುದಾ?

ಪ್ರಶ್ನೆ: ನಾವು ಕಾಸರಗೋಡಿನ ಬದಿಯಡ್ಕದ ಹತ್ತಿರದವರು. ಮಗಳು ಕನ್ನಡ ಮಾಧ್ಯಮದಲ್ಲಿ 9ನೇ ತರಗತಿ. ಶಾಲೆಯ ಲ್ಯಾಬಿನಲ್ಲಿ ಕೇರಳದ ಶಾಲೆಗಳಿಗಾಗಿ ಮಾಡಿದ ಕೈಟ್ ಲಿನಕ್ಸ್ ಇದೆ, ಮನೆಯ ಡೆಸ್ಕ್‌ಟಾಪಿನಲ್ಲಿ ವಿಂಡೋಸ್ 10. ಎರಡೂ ಇರಲಿ ಅಂತ ಆಸೆ. ಹಾರ್ಡ್ ಡಿಸ್ಕ್ 1 ಟಿಬಿ, ರ‍್ಯಾಮ್ 8 ಜಿಬಿ. ಅಂಗಡಿಯವರು ಮಾಡಿಕೊಟ್ಟ ಪಾರ್ಟಿಷನ್‌ಗಳು (ಡಿಸ್ಕಿನ ಭಾಗಗಳು) ಹೀಗಿವೆ: ಮೊದಲಿಗೆ ‘ಸಿಸ್ಟಮ್ ರಿಸರ್ವ್ಡ್’ ಎಂಬ ಚಿಕ್ಕದೊಂದು, ಆಮೇಲೆ ಸಿ 200, ಡಿ 365, ಇ 365 ಜಿಬಿ. ಡಿಯಲ್ಲಿ ತೋಟದ ಲೆಕ್ಕ ಮತ್ತು ಫೋಟೋಗಳು, ಸುಮಾರು 90 ಜಿಬಿ. ಇಯಲ್ಲಿ ಯಕ್ಷಗಾನದ ವಿಡಿಯೋಗಳು, ಸುಮಾರು 140 ಜಿಬಿ. ಇ ಡ್ರೈವ್‌ನಿಂದ 100 ಜಿಬಿ ಕಡಿಮೆ ಮಾಡಿ, ಆ ಜಾಗದಲ್ಲಿ ಹೊಸ ಪಾರ್ಟಿಷನ್ ಮಾಡಹೋದೆ. ಡಿಸ್ಕನ್ನು ‘ಡೈನಾಮಿಕ್’ ಮಾಡುತ್ತೇನೆ, ಯೆಸ್ ಅಥವಾ ನೋ ಅನ್ನಿ ಅಂತ ಬಂತು. ಹೆದರಿ ನಿಲ್ಲಿಸಿದ್ದೇನೆ. ಲಿನಕ್ಸ್‌ಗೆ ಬೂಟ್, ರೂಟ್, ಯುಎಸ್‌ಆರ್, ವಾರ್, ಟೆಂಪ್, ಹೋಮ್, ಸ್ವಾಪ್ ಅಂತ ಏಳು ಪಾರ್ಟಿಷನ್ ಬೇಕು ಅಂತಲೂ ಓದಿದೆ. ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮಗ ಫ್ರೀಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂಗೂ ಸ್ವಲ್ಪ ಜಾಗ ಬಿಡಿ ಅನ್ನುತ್ತಿದ್ದಾನೆ. ಏನು ಮಾಡಲಿ?

ಉತ್ತರ: ಯೆಸ್ ಒತ್ತಬೇಡಿ ಮಾರಾಯ್ರೆ. ನಿಲ್ಲಿಸಿದ್ದು ಒಳ್ಳೆಯದೇ ಆಯಿತು.

ಯೆಸ್ ಒತ್ತಿದರೆ ಫೈಲುಗಳೇನೂ ಅಳಿಸಿ ಹೋಗುವುದಿಲ್ಲ. ಆದರೆ ಡೈನಾಮಿಕ್ ಡಿಸ್ಕ್ ಎನ್ನುವುದು ವಿಂಡೋಸ್‌ನದ್ದೇ ಒಂದು ವ್ಯವಸ್ಥೆ. ಲಿನಕ್ಸ್‌ನ ಇನ್‌ಸ್ಟಾಲರ್‌ಗೆ ಅಂಥ ಡಿಸ್ಕಿನಲ್ಲಿ ಜಾಗ ಮಾಡಿಕೊಳ್ಳಲು ಬರುವುದಿಲ್ಲ. ಹೋಗಲಿ, ವಾಪಸ್ ಬೇಸಿಕ್ (ಈಗಿರುವ ಮಾಮೂಲಿ ರೀತಿ) ಮಾಡುತ್ತೇನೆ ಅಂದರೆ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ಮೊದಲು ಎಲ್ಲ ಡ್ರೈವ್‌ಗಳನ್ನೂ ಡಿಲೀಟ್ ಮಾಡಿ ಬನ್ನಿ ಅನ್ನುತ್ತದೆ. ಹೋಗುವುದಕ್ಕೆ ಒಂದು ಕ್ಲಿಕ್ ಸಾಕು, ಬರುವುದಕ್ಕೆ ಡಿಸ್ಕನ್ನೇ ಖಾಲಿ ಮಾಡಬೇಕು. ಮೈಕ್ರೋಸಾಫ್ಟೇ ಈಗ ಅದನ್ನು ಹಳೆಯದೆಂದು ಬದಿಗಿಟ್ಟಿದೆ.

ಅದು ಹಾಗೆ ಕೇಳಿದ್ದು ಯಾಕೆ ಅಂದರೆ, ನಿಮ್ಮ ಡಿಸ್ಕಿನಲ್ಲಿ ಪಾರ್ಟಿಷನ್‌ಗಳ ವಿವರ ಬರೆದಿಟ್ಟಿರುವುದು ಎಂಬಿಆರ್ ಎಂಬ ಪದ್ಧತಿಯಲ್ಲಿ. ಖಾತ್ರಿ ಮಾಡಿಕೊಳ್ಳಬೇಕಾದರೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ‘ಡಿಸ್ಕ್ 0’ ಎಂಬಲ್ಲಿ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ವಾಲ್ಯೂಮ್ಸ್ ಟ್ಯಾಬ್ ತೆರೆದು, ಪಾರ್ಟಿಷನ್ ಸ್ಟೈಲ್ ಏನಿದೆ ನೋಡಿ. ಎಂಬಿಆರ್ ಎನ್ನುವುದು 1983ರ ಡಾಸ್ ಕಾಲದ್ದು. ಡಿಸ್ಕಿನ ಮೊಟ್ಟಮೊದಲ ಸೆಕ್ಟರಿನ 512 ಬೈಟ್‌ಗಳಲ್ಲಿ ಅದರ ಇಡೀ ಸಂಸಾರ. ಮೊದಲ 446 ಬೈಟ್ ಬೂಟ್ ಮಾಡುವ ಕೋಡ್‌ಗೆ, ಕೊನೆಯ 2 ಬೈಟ್ ಸಹಿಗೆ. ನಡುವೆ ಉಳಿಯುವುದು 64 ಬೈಟ್. ಒಂದು ಪಾರ್ಟಿಷನ್ನಿನ ವಿವರ ಬರೆಯಲು 16 ಬೈಟ್ ಬೇಕು. 64ರಲ್ಲಿ 16 ನಾಲ್ಕೇ ಸಲ. ಹಾಗಾಗಿ ಪ್ರೈಮರಿ ಪಾರ್ಟಿಷನ್ ನಾಲ್ಕೇ. ಸಿಸ್ಟಮ್ ರಿಸರ್ವ್ಡ್, ಸಿ, ಡಿ, ಇ: ನಿಮ್ಮ ನಾಲ್ಕೂ ಭರ್ತಿ ಆಗಿವೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ನಾಲ್ಕರ ತಲೆಯ ಮೇಲೂ ಕಡುನೀಲಿ ಪಟ್ಟಿ ಇದ್ದರೆ ಅದೇ ಗುರುತು.

ನೀವು ಬಿಡಿಸಿಟ್ಟ 100 ಜಿಬಿ ಜಾಗ ಸದ್ಯಕ್ಕೆ ಯಾರ ಉಪಯೋಗಕ್ಕೂ ಇಲ್ಲ. ಲಿನಕ್ಸ್ ಪೆನ್‌ಡ್ರೈವ್ ಹಾಕಿ ಇನ್‌ಸ್ಟಾಲ್‌ಗೆ ಹೋದರೂ ಆ ಜಾಗದ ಎದುರು ‘ಅನ್‌ಯೂಸಬಲ್’ ಅಂತ ತೋರಿಸುತ್ತದೆ. ಡಿಸ್ಕ್ ಹಾಳಾಗಿದೆ ಅಂತ ಎಷ್ಟೋ ಮಂದಿ ಅಲ್ಲೇ ಗಾಬರಿಯಾಗುತ್ತಾರೆ. ಹಾಳಾಗಿಲ್ಲ. ಜಾಗ ಇದೆ, ಬರೆದುಕೊಳ್ಳಲು ಸಾಲಿಲ್ಲ, ಅಷ್ಟೇ.

ಇದಕ್ಕೊಂದು ದಾರಿ ಹಿಂದಿನವರೇ ಮಾಡಿಟ್ಟಿದ್ದಾರೆ. ಅದು ಎಕ್ಸ್‌ಟೆಂಡೆಡ್ ಪಾರ್ಟಿಷನ್. ನಾಲ್ಕು ಸಾಲಿನ ಲೆಕ್ಕದ ಪುಸ್ತಕದ ಕೊನೆಯ ಸಾಲಿನಲ್ಲಿ ‘ಮುಂದಿನ ಪುಟ ನೋಡಿ’ ಅಂತ ಬರೆದ ಹಾಗೆ. ಆ ಒಂದು ಸಾಲಿನ ಒಳಗೆ ಬೇಕಾದಷ್ಟು ಲಾಜಿಕಲ್ ಪಾರ್ಟಿಷನ್ ಮಾಡಿಕೊಳ್ಳಬಹುದು. ವಿಂಡೋಸ್ ಬೂಟ್ ಆಗಲು ಪ್ರೈಮರಿಯೇ ಬೇಕು. ಲಿನಕ್ಸ್‌ಗೆ ಆ ಹಟ ಇಲ್ಲ, ಲಾಜಿಕಲ್‌ನಲ್ಲೂ ಸುಖವಾಗಿ ಇರುತ್ತದೆ. ಅಂದರೆ ನಾಲ್ಕರಲ್ಲಿ ಒಂದನ್ನು ಬಿಟ್ಟುಕೊಡಬೇಕು, ಅದರ ಜಾಗದಲ್ಲಿ ಎಕ್ಸ್‌ಟೆಂಡೆಡ್ ಬರಬೇಕು.

ಬಿಟ್ಟುಕೊಡಬೇಕಾದದ್ದು ಇ. ಅದು ಡಿಸ್ಕಿನ ಕೊನೆಯಲ್ಲಿದೆ, ಹಾಗಾಗಿ ಬೇರೆ ಯಾವುದನ್ನೂ ಅಲುಗಾಡಿಸಬೇಕಿಲ್ಲ. ನಿಮಗೆ ಇದು ಮುಖ್ಯ ಯಾಕೆ ಅಂದರೆ, ಪಾರ್ಟಿಷನ್ ಡಿಲೀಟ್ ಮಾಡುವುದು, ಹೊಸತು ಮಾಡುವುದು ಎಲ್ಲ ಕ್ಷಣದ ಕೆಲಸ. ಟೇಬಲ್‌ನಲ್ಲಿ ನಾಲ್ಕು ಅಂಕಿ ತಿದ್ದಿದರೆ ಮುಗಿಯಿತು. ಆದರೆ ಪಾರ್ಟಿಷನ್ನನ್ನು ಎಡಕ್ಕೋ ಬಲಕ್ಕೋ ಸರಿಸುವುದು ಅಂದರೆ ಒಳಗಿರುವ ಡೇಟಾವನ್ನೆಲ್ಲ ಹೊತ್ತು ಹೊಸ ಜಾಗದಲ್ಲಿ ಇಡಬೇಕು. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಅದಕ್ಕೆ ಗಂಟೆಗಟ್ಟಲೆ ಬೇಕು. ಅರ್ಧದಲ್ಲಿ ಕರೆಂಟು ಹೋದರೆ ಅಲ್ಲಿಗೆ ಅರ್ಧ ಇಲ್ಲಿ, ಅರ್ಧ ಅಲ್ಲಿ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ, ಅದೂ ತುಲಾ ತಿಂಗಳ ಸಂಜೆ ಗುಡುಗು ಶುರುವಾಗುವ ಹೊತ್ತಿಗೆ, ನಾನಂತೂ ಆ ಕೆಲಸಕ್ಕೆ ಕೈ ಹಾಕುವುದಿಲ್ಲ.

ಪ್ರೈಮರಿಯನ್ನು ಡೇಟಾ ಸಮೇತ ಲಾಜಿಕಲ್ ಮಾಡುವ ಫಿಕ್ಸ್‌ಪಾರ್ಟ್ಸ್ ಎಂಬ ಟೂಲ್ ಇದೆ. ಒಳ್ಳೆಯ ಟೂಲೇ. ಆದರೆ ಮೊದಲ ಸಲ ಮಾಡುವವರಿಗೆ ನಾನು ಹೇಳುವುದಿಲ್ಲ. ಇಡೀ ಡಿಸ್ಕನ್ನು ಎಂಬಿಆರ್‌ನಿಂದ ಜಿಪಿಟಿ ಎಂಬ ಹೊಸ ಪದ್ಧತಿಗೆ ಬದಲಾಯಿಸಿದರೆ ಆಗದಾ ಅಂತ ಮಗ ಕೇಳಬಹುದು. ಜಿಪಿಟಿಯಲ್ಲಿ ಸಾಮಾನ್ಯವಾಗಿ 128 ಪಾರ್ಟಿಷನ್‌ವರೆಗೆ ಜಾಗ ಇರುತ್ತದೆ, ನಿಜ. ವಿಂಡೋಸ್ 10ರಲ್ಲೇ ಅದಕ್ಕೊಂದು ಟೂಲ್ ಇದೆ, ಎಂಬಿಆರ್2ಜಿಪಿಟಿ ಅಂತ. ಅದು ಡಿಸ್ಕಿನಲ್ಲಿ ಹೆಚ್ಚೆಂದರೆ ಮೂರು ಪ್ರೈಮರಿ ಇದ್ದರೆ ಮಾತ್ರ ಒಪ್ಪುತ್ತದೆ. ನಿಮ್ಮ ಮದರ್‌ಬೋರ್ಡ್ ಯುಇಎಫ್‌ಐ (ಕಂಪ್ಯೂಟರನ್ನು ಎಬ್ಬಿಸುವ ಹಳೆಯ ಬಯಾಸ್‌ನ ಬದಲಿಗೆ ಬಂದ ಹೊಸ ರೀತಿ) ಆಗಿರಬೇಕು, ಬದಲಾಯಿಸಿದ ಮೇಲೆ ಬಯಾಸ್ ಸೆಟ್ಟಿಂಗಲ್ಲೂ ಅದಕ್ಕೆ ತಿರುಗಿಸಬೇಕು. ಮಗಳ ಐಟಿ ಪಾಠಕ್ಕೆ ಅಷ್ಟೆಲ್ಲ ಯಾಕೆ?

ಈಗ ಕೆಲಸಕ್ಕೆ ಬರೋಣ. ಬ್ಯಾಕಪ್ ಮೊದಲು.

ಡಿಯಲ್ಲಿ 275 ಜಿಬಿ ಖಾಲಿ ಇದೆ, ಇಯ 140 ಜಿಬಿ ಅಲ್ಲಿ ಹಿಡಿಸುತ್ತದೆ. ಆದರೆ ಡಿಗೆ ಹಾಕಿದ್ದು ಬ್ಯಾಕಪ್ ಅಲ್ಲ. ಡಿಯೂ ಇಯೂ ಒಂದೇ ಡಬ್ಬಿಯಲ್ಲಿ ತಿರುಗುವ ಒಂದೇ ಡಿಸ್ಕ್. ಅದು ಕೆಟ್ಟರೆ ಎರಡೂ ಹೋಗುತ್ತವೆ. ತೋಟದ ಲೆಕ್ಕ, ಫೋಟೋ, ಮತ್ತೆ ಸಿಗದ ಯಕ್ಷಗಾನ ಆಟಗಳ ವಿಡಿಯೋ, ಇಷ್ಟನ್ನಾದರೂ ಹೊರಗಿನ ಡಿಸ್ಕಿಗೆ ಹಾಕಿ. ಇಲ್ಲಿ ಒಂದು ಸಣ್ಣ ತೊಡಕು ಬರುತ್ತದೆ. ಸಂಜೆಯಿಂದ ಬೆಳಗಿನವರೆಗಿನ ಆಟದ ವಿಡಿಯೋ ಒಂದೇ ಫೈಲ್ ಆಗಿದ್ದರೆ 4 ಜಿಬಿ ದಾಟುವುದು ಸಾಮಾನ್ಯ. ನಿಮ್ಮ ಪೆನ್‌ಡ್ರೈವ್ ಫ್ಯಾಟ್32 ರೀತಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲನ್ನು ಅದು ತೆಗೆದುಕೊಳ್ಳುವುದೇ ಇಲ್ಲ. 64 ಜಿಬಿ ಖಾಲಿ ಇದ್ದರೂ ‘ಫೈಲ್ ತುಂಬ ದೊಡ್ಡದು’ ಅನ್ನುತ್ತದೆ. ಹೊರಗಿನ ಡಿಸ್ಕನ್ನು ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಮಾಡಿಕೊಳ್ಳಿ. ಕಾಪಿ ಆದ ಮೇಲೆ ಎರಡೂ ಕಡೆ ಫೋಲ್ಡರಿನ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆ, ಬೈಟ್ ಲೆಕ್ಕ ಹೋಲಿಸಿ. ಕೆಲವು ವಿಡಿಯೋಗಳ ಕೊನೆಯ ಭಾಗಕ್ಕೆ ಎಳೆದು ಓಡಿಸಿ ನೋಡಿ. ಅರ್ಧಕ್ಕೆ ನಿಂತ ಕಾಪಿ ಶುರುವಿನಲ್ಲಿ ಚೆನ್ನಾಗಿಯೇ ಓಡುತ್ತದೆ.

ಡಿಸ್ಕಿನ ಆರೋಗ್ಯ ಒಮ್ಮೆ ನೋಡಿ. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಪ್ರೋಗ್ರಾಂ ಸಾಕು. ‘ರೀಅಲೊಕೇಟೆಡ್ ಸೆಕ್ಟರ್ಸ್’ ಮತ್ತು ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಎಂಬ ಎರಡು ಸಾಲು ನೋಡಿ. ಪೆಂಡಿಂಗ್‌ನಲ್ಲಿ ಸೊನ್ನೆ ಬಿಟ್ಟು ಬೇರೇನಾದರೂ ಇದ್ದರೆ ಪಾರ್ಟಿಷನ್ ಯೋಚನೆ ಬಿಡಿ, ಡಿಸ್ಕ್ ಬದಲಿಸುವ ಯೋಚನೆ ಮಾಡಿ.

ಇನ್ನೊಂದು, ಎಲ್ಲರೂ ಮರೆಯುವುದು: ಫಾಸ್ಟ್ ಸ್ಟಾರ್ಟಪ್. ಇದು ಆನ್ ಇದ್ದರೆ ನೀವು ಶಟ್‌ಡೌನ್ ಕೊಟ್ಟಾಗ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಅರೆನಿದ್ದೆಗೆ ಹೋಗುತ್ತದೆ. ಎನ್‌ಟಿಎಫ್‌ಎಸ್ ಡ್ರೈವ್‌ಗಳೂ ಅರ್ಧ ತೆರೆದ ಸ್ಥಿತಿಯಲ್ಲೇ ಉಳಿಯುತ್ತವೆ. ಆಮೇಲೆ ಲಿನಕ್ಸ್‌ನಿಂದ ಡಿ ತೆರೆದರೆ ಓದಲು ಮಾತ್ರ ಬಿಡುತ್ತದೆ, ಬರೆಯಲು ಬಿಡುವುದಿಲ್ಲ. ಒತ್ತಾಯದಿಂದ ಬರೆಸಿದರೆ ಫೈಲ್ ಹಾಳಾಗಬಹುದು. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ‘ಪವರ್ ಬಟನ್ ಏನು ಮಾಡಬೇಕು’ ಎಂಬಲ್ಲಿ ಹೋಗಿ ಅದರ ಟಿಕ್ ತೆಗೆಯಿರಿ.

ಈಗ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಇ ಡ್ರೈವನ್ನು ಡಿಲೀಟ್ ಮಾಡಿ. ಹೆಸರು, ಸೈಜು ಎರಡೂ ಎರಡೆರಡು ಸಲ ನೋಡಿ. ಕಪ್ಪು ಪಟ್ಟಿಯ 365 ಜಿಬಿ ಒಂದೇ ತುಂಡಾಗಿ ಕಾಣಬೇಕು. ಸಿಸ್ಟಮ್ ರಿಸರ್ವ್ಡ್ ಅನ್ನು ಮುಟ್ಟಲೇಬೇಡಿ. ಚಿಕ್ಕದು, ಕೆಲಸಕ್ಕೆ ಬಾರದ್ದು ಅಂತ ಕಾಣುತ್ತದೆ, ಆದರೆ ನಿಮ್ಮ ವಿಂಡೋಸ್ ಬೂಟ್ ಆಗುವುದೇ ಅದರಿಂದ. ಕೆಲವರು ಅದನ್ನು ಅಳಿಸಿ ಒಂದು ಸಾಲು ಉಳಿಸಿದೆ ಅಂತ ಖುಷಿ ಪಡುತ್ತಾರೆ. ಖುಷಿ ಮುಂದಿನ ರೀಸ್ಟಾರ್ಟ್‌ವರೆಗೆ.

ಇನ್ನು ಮುಂದಿನ ಕೆಲಸ ಲಿನಕ್ಸ್ ಪೆನ್‌ಡ್ರೈವ್‌ನಿಂದ. ಬೂಟ್ ಮೆನುವಿನಲ್ಲಿ ಪೆನ್‌ಡ್ರೈವ್ ಎರಡು ಸಲ ಕಾಣಿಸಬಹುದು. ಒಂದರ ಹಿಂದೆ ಯುಇಎಫ್‌ಐ ಅಂತ ಇರುತ್ತದೆ, ಇನ್ನೊಂದರ ಹಿಂದೆ ಇರುವುದಿಲ್ಲ. ನಿಮ್ಮ ವಿಂಡೋಸ್ ಎಂಬಿಆರ್ ಡಿಸ್ಕಿನಿಂದ ಹಳೆಯ ಬಯಾಸ್ ರೀತಿಯಲ್ಲಿ ಬೂಟ್ ಆಗುತ್ತಿದೆ, ಹಾಗಾಗಿ ಯುಇಎಫ್‌ಐ ಅಂತ ಇಲ್ಲದ್ದನ್ನೇ ಆರಿಸಿ. ಎರಡು ಸಿಸ್ಟಂ ಎರಡು ರೀತಿಯಲ್ಲಿ ಬೂಟ್ ಆಗುವಂತಾದರೆ ಒಂದೇ ಮೆನುವಿನಿಂದ ಅವನ್ನು ಆರಿಸಲು ಆಗುವುದಿಲ್ಲ, ಪ್ರತಿ ಸಲ ಬಯಾಸ್‌ಗೆ ಹೋಗಬೇಕಾಗುತ್ತದೆ.

ಇನ್‌ಸ್ಟಾಲ್ ಮಾಡದೆ ‘ಟ್ರೈ’ ಒತ್ತಿ ಒಳಗೆ ಹೋಗಿ. ಪಾರ್ಟಿಷನ್ ಮಾಡುವ ಜಿಪಾರ್ಟೆಡ್ ಎಂಬ ಪ್ರೋಗ್ರಾಂ ತೆರೆಯಿರಿ. ಬಲಗಡೆ ಮೇಲೆ ಯಾವ ಡಿಸ್ಕ್ ಅಂತ ತೋರಿಸುತ್ತದೆ. ಹಾರ್ಡ್ ಡಿಸ್ಕ್ ಎಸ್‌ಡಿಎ ಆಗಿರಬಹುದು, ಪೆನ್‌ಡ್ರೈವ್ ಎಸ್‌ಡಿಬಿ ಆಗಿರಬಹುದು, ಆದರೆ ಈ ಹೆಸರುಗಳನ್ನು ಕಣ್ಣುಮುಚ್ಚಿ ನಂಬಬೇಡಿ, ಕೆಲವು ಸಲ ಅದಲುಬದಲಾಗುತ್ತವೆ. ಸೈಜು ನೋಡಿ. ನಿಮ್ಮದು 931 ಅಂತ ಕಾಣುತ್ತದೆ. 1 ಟಿಬಿ ಅಂತ ಹಣ ಕೊಟ್ಟಿದ್ದೆನಲ್ಲ ಅನ್ನಬೇಡಿ, ಕಂಪನಿಯವರು ಸಾವಿರದಿಂದ ಭಾಗಿಸುತ್ತಾರೆ, ಕಂಪ್ಯೂಟರ್ 1024ರಿಂದ ಭಾಗಿಸುತ್ತದೆ.

ಖಾಲಿ ಜಾಗದ ಮೇಲೆ ಕ್ಲಿಕ್ ಮಾಡಿ ‘ನ್ಯೂ’ ಒತ್ತಿ, ‘ಕ್ರಿಯೇಟ್ ಆ್ಯಸ್’ ಎಂಬಲ್ಲಿ ಎಕ್ಸ್‌ಟೆಂಡೆಡ್ ಆರಿಸಿ, ಇಡೀ 365 ಜಿಬಿಯನ್ನೂ ಅದಕ್ಕೇ ಕೊಡಿ. ಆಮೇಲೆ ಅದರ ಒಳಗೆ ಮೂರು ಲಾಜಿಕಲ್: ಮೊದಲು 215 ಜಿಬಿ ಎನ್‌ಟಿಎಫ್‌ಎಸ್, ಅದು ನಿಮ್ಮ ಹೊಸ ಇ. ನಂತರ 60 ಜಿಬಿ ಇಎಕ್ಸ್‌ಟಿ4 (ಲಿನಕ್ಸ್‌ನ ಫಾರ್ಮ್ಯಾಟ್), ರೂಟ್‌ಗೆ, ಅಂದರೆ ಲಿನಕ್ಸ್ ಸಿಸ್ಟಂಗೆ. ಉಳಿದ 90 ಜಿಬಿ ಇಎಕ್ಸ್‌ಟಿ4, ಹೋಮ್‌ಗೆ, ಅಂದರೆ ಮಗಳ ಫೈಲುಗಳಿಗೆ. ಮೇಲಿನ ಹಸಿರು ಟಿಕ್ ಒತ್ತುವವರೆಗೆ ಡಿಸ್ಕಿನಲ್ಲಿ ಏನೂ ಬದಲಾಗುವುದಿಲ್ಲ, ತಪ್ಪಾದರೆ ಅನ್‌ಡು ಇದೆ. ಟಿಕ್ ಒತ್ತಿದ ಮೇಲೆ ಇಲ್ಲ.

ಟಿಕ್ ಒತ್ತಿದ ಮೇಲೆ ನಂಬರ್‌ಗಳನ್ನು ಗಮನಿಸಿ. ಎಕ್ಸ್‌ಟೆಂಡೆಡ್‌ಗೆ ಎಸ್‌ಡಿಎ4. ಲಾಜಿಕಲ್‌ಗಳ ನಂಬರ್ ಯಾವಾಗಲೂ 5ರಿಂದ ಶುರು. ಪ್ರೈಮರಿ ಎರಡೇ ಇದ್ದರೂ ಮೊದಲ ಲಾಜಿಕಲ್ 5ನೆಯದೇ. ಹಾಗಾಗಿ ಹೊಸ ಇ 5, ರೂಟ್ 6, ಹೋಮ್ 7. ಈ ಮೂರನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಇನ್‌ಸ್ಟಾಲ್ ಮಾಡುವಾಗ ಬೇಕು.

ಏಳು ಪಾರ್ಟಿಷನ್ ವಿಷಯ. ಅದು ಸರ್ವರ್ ನೋಡಿಕೊಳ್ಳುವವರ ಪಟ್ಟಿ. ಲಾಗ್ ಫೈಲುಗಳು ಉಕ್ಕಿ ಇಡೀ ಸಿಸ್ಟಂ ನಿಲ್ಲಬಾರದು ಅಂತ ವಾರ್ ಬೇರೆ, ಯಾರೋ ಟೆಂಪ್‌ನಲ್ಲಿ ಕಸ ತುಂಬಬಾರದು ಅಂತ ಟೆಂಪ್ ಬೇರೆ. ಮನೆಯಲ್ಲಿ ಹಾಗೆ ಮಾಡಿದರೆ ಉಲ್ಟಾ ಆಗುತ್ತದೆ. ಒಂದು ಕಡೆ ತುಂಬಿ ಅಪ್‌ಡೇಟ್ ನಿಲ್ಲುತ್ತದೆ, ಪಕ್ಕದಲ್ಲೇ 20 ಜಿಬಿ ಸುಮ್ನೆ ಬಿದ್ದಿರುತ್ತದೆ. ನನ್ನ ಪ್ರಕಾರ ಮನೆಯ ಕಂಪ್ಯೂಟರಿಗೆ ಪಾರ್ಟಿಷನ್ ಕಡಿಮೆ ಇದ್ದಷ್ಟೂ ಒಳ್ಳೆಯದು. ಸ್ವಾಪ್‌ಗೂ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕಿನ ಜಾಗ) ಬೇರೆ ಪಾರ್ಟಿಷನ್ ಬೇಡ. ರ‍್ಯಾಮಿನ ಎರಡು ಪಟ್ಟು ಸ್ವಾಪ್ ಬೇಕು ಎನ್ನುವುದು ರ‍್ಯಾಮ್ ತೀರಾ ಕಡಿಮೆ ಇದ್ದ ಕಾಲದ ಮಾತು. ಉಬುಂಟು 17.04ರಿಂದ ರೂಟ್ ಒಳಗೇ ಒಂದು ಸ್ವಾಪ್ ಫೈಲ್ ಮಾಡಿಕೊಳ್ಳುತ್ತದೆ. ಕಂಪ್ಯೂಟರನ್ನು ಹೈಬರ್ನೇಟ್ ಮಾಡುವ ಆಸೆ ಇದ್ದರೆ ಮಾತ್ರ ರ‍್ಯಾಮಿನಷ್ಟು ಸ್ವಾಪ್ ಬೇಕಾಗುತ್ತದೆ. ಡೆಸ್ಕ್‌ಟಾಪಿಗೆ ಅದು ಯಾಕೆ?

ಹೋಮ್ ಮಾತ್ರ ಬೇರೆ ಇರಲಿ ಅಂದೆ, ಅದಕ್ಕೆ ಕಾರಣ ಇದೆ. ಕೇರಳದ ಶಾಲೆಗಳಲ್ಲಿ 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆಯೇ 2017ರಲ್ಲಿ ಕೈಟ್ ಆಯಿತು. ಅವರ ಲಿನಕ್ಸ್ ಉಬುಂಟುವಿನ ಮೇಲೆ ಕಟ್ಟಿದ್ದು, 22.04 ಎಂಬ ಕೈಟ್ ಆವೃತ್ತಿಗೆ ಉಬುಂಟು 22.04 ಅಡಿಪಾಯ. ಶಾಲೆಯಲ್ಲಿ ಆವೃತ್ತಿ ಬದಲಾದರೆ ನೀವೂ ಬದಲಿಸಬೇಕಾಗುತ್ತದೆ, ಪ್ರಾಕ್ಟಿಕಲ್ ಪರೀಕ್ಷೆ ಅದರಲ್ಲೇ ತಾನೇ? ಆಗ ರೂಟ್ ಅನ್ನು ಫಾರ್ಮ್ಯಾಟ್ ಮಾಡಿ ಹೊಸತು ಹಾಕಿ, ಹೋಮ್ ಅನ್ನು ಫಾರ್ಮ್ಯಾಟ್ ಮಾಡದೆ ಹಾಗೇ ಜೋಡಿಸಿ, ಹಳೆಯ ಯೂಸರ್ ಹೆಸರನ್ನೇ ಕೊಟ್ಟರೆ ಮಗಳ ಇಂಕ್‌ಸ್ಕೇಪ್ ಚಿತ್ರಗಳು, ಜಿಯೋಜೀಬ್ರಾ ಫೈಲುಗಳು ಎಲ್ಲ ಇದ್ದಲ್ಲೇ ಇರುತ್ತವೆ. ಹೋಮ್ ಅನ್ನು ಎನ್‌ಟಿಎಫ್‌ಎಸ್ ಮಾಡಿದರೆ ವಿಂಡೋಸ್‌ಗೂ ಕಾಣುತ್ತದಲ್ಲ ಅಂತ ಜಾಣತನ ಮಾಡಬೇಡಿ. ಲಿನಕ್ಸ್‌ನ ಫೈಲ್ ಅನುಮತಿಗಳು ಅಲ್ಲಿ ಸರಿಯಾಗಿ ಕೂರುವುದಿಲ್ಲ, ಲಾಗಿನ್ನೇ ಕೈಕೊಡಬಹುದು. ಎರಡೂ ಕಡೆ ಬೇಕಾದ ಫೈಲುಗಳಿಗೆ ಡಿ ಮತ್ತು ಇ ಇವೆ. ಲಿನಕ್ಸ್ ಅವೆರಡನ್ನೂ ಓದುತ್ತದೆ, ಬರೆಯುತ್ತದೆ.

ಇನ್‌ಸ್ಟಾಲರ್‌ನಲ್ಲಿ ‘ಇರೇಸ್ ಡಿಸ್ಕ್’ ಎಂಬ ಆಯ್ಕೆಯನ್ನು ಮುಟ್ಟಬೇಡಿ, ಅದು ಇಡೀ ಡಿಸ್ಕನ್ನು ಅಳಿಸುತ್ತದೆ. ‘ಸಮ್‌ಥಿಂಗ್ ಎಲ್ಸ್’ ಆರಿಸಿ. 6ನೆಯದಕ್ಕೆ ಮೌಂಟ್ ಪಾಯಿಂಟ್ (ಲಿನಕ್ಸ್ ಅದನ್ನು ಜೋಡಿಸಿಕೊಳ್ಳುವ ಜಾಗ) ಬರಿಯ ಒಂದು ಗೆರೆ ( / ), 7ನೆಯದಕ್ಕೆ ‘/ಹೋಮ್’ (ಪಟ್ಟಿಯಲ್ಲೇ ಸಿಗುತ್ತದೆ, ಟೈಪ್ ಮಾಡಬೇಕಿಲ್ಲ). ಫಾರ್ಮ್ಯಾಟ್ ಟಿಕ್ ಈ ಎರಡಕ್ಕೆ ಮಾತ್ರ. ಬೂಟ್ ಲೋಡರ್ (ಶುರುವಿನಲ್ಲಿ ಸಿಸ್ಟಂ ಎಬ್ಬಿಸುವ ಪ್ರೋಗ್ರಾಂ) ಎಲ್ಲಿಗೆ ಅಂತ ಕೆಳಗೆ ಕೇಳುತ್ತದೆ. ಅಲ್ಲಿ ನಂಬರ್ ಇಲ್ಲದ ಎಸ್‌ಡಿಎ, ಅಂದರೆ ಇಡೀ ಹಾರ್ಡ್ ಡಿಸ್ಕನ್ನು ಕೊಡಿ. ಅಪ್ಪಿತಪ್ಪಿ ಪೆನ್‌ಡ್ರೈವ್ ಕೊಟ್ಟರೆ ಪೆನ್‌ಡ್ರೈವ್ ಕಿತ್ತ ದಿನ ಲಿನಕ್ಸ್ ಏಳುವುದಿಲ್ಲ. ‘ಇನ್‌ಸ್ಟಾಲ್ ನೌ’ ಒತ್ತಿದಾಗ ಯಾವ್ಯಾವ ಪಾರ್ಟಿಷನ್ ಫಾರ್ಮ್ಯಾಟ್ ಆಗುತ್ತದೆ ಅಂತ ಒಂದು ಪುಟ್ಟ ಪಟ್ಟಿ ಬರುತ್ತದೆ. ಹೆಚ್ಚಿನವರು ಓದದೆ ಮುಂದೆ ಹೋಗುತ್ತಾರೆ. ನೀವು ಓದಿ. ಅದರಲ್ಲಿ 6 ಮತ್ತು 7 ಬಿಟ್ಟು ಬೇರೆ ಯಾವ ನಂಬರ್ ಇದ್ದರೂ ‘ಗೋ ಬ್ಯಾಕ್’.

ವಿಂಡೋಸ್‌ಗೆ ಮರಳಿದಾಗ ಹೊಸ ಇಗೆ ಬೇರೆ ಅಕ್ಷರ ಬಂದಿದ್ದರೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಇ ಮಾಡಿಕೊಳ್ಳಿ, ವಿಡಿಯೋಗಳನ್ನು ವಾಪಸ್ ಹಾಕಿ. ಲಿನಕ್ಸ್‌ನ ಪಾರ್ಟಿಷನ್‌ಗಳು ಅಲ್ಲಿ ಹೆಸರಿಲ್ಲದೆ ಕಾಣುತ್ತವೆ. ‘ಫಾರ್ಮ್ಯಾಟ್ ಮಾಡಬೇಕೇ?’ ಅಂತ ವಿಂಡೋಸ್ ಎಂದಾದರೂ ಕೇಳಿದರೆ ಬೇಡ ಅನ್ನಿ. ಇದನ್ನು ಮನೆಯವರಿಗೆಲ್ಲ ಹೇಳಿಡಿ, ಆ ಬಾಕ್ಸ್ ಬರುವಾಗ ಕಂಪ್ಯೂಟರ್ ಮುಂದೆ ಯಾರಿರುತ್ತಾರೋ ಗೊತ್ತಿಲ್ಲ. ಅಂದ ಹಾಗೆ ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬ್ಯಾಂಕ್ ಕೆಲಸಗಳನ್ನು ಲಿನಕ್ಸ್ ಕಡೆಗೆ ಸರಿಸುವುದು ಒಳ್ಳೆಯದು.

ಹೊಸ ಲ್ಯಾಪ್‌ಟಾಪ್ ಇರುವವರಿಗೆ ಮೇಲಿನ ತಾಪತ್ರಯ ಹೆಚ್ಚಿನದು ಇಲ್ಲ. ಡಿಸ್ಕ್ ಜಿಪಿಟಿಯೇ ಆಗಿರುತ್ತದೆ. ಸಿಯನ್ನು ವಿಂಡೋಸ್‌ನಿಂದಲೇ ಕುಗ್ಗಿಸಿ ಜಾಗ ಖಾಲಿ ಬಿಟ್ಟರೆ ಸಾಕು. 100 ಜಿಬಿ ಖಾಲಿ ಇದ್ದರೂ 20 ಮಾತ್ರ ಕುಗ್ಗಿಸಬಹುದು ಅಂತ ಕೆಲವು ಸಲ ತೋರಿಸುತ್ತದೆ. ಪೇಜ್‌ಫೈಲ್, ಹೈಬರ್ನೇಷನ್ ಫೈಲ್, ಸಿಸ್ಟಂ ರೀಸ್ಟೋರ್ ಡೇಟಾ ಇವು ನಡುವೆ ಕೂತು ಕದಲದೇ ಇರುವುದು ಕಾರಣ. ಅವನ್ನು ತಾತ್ಕಾಲಿಕವಾಗಿ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ ಮತ್ತೆ ನೋಡಿ. ಇಎಫ್‌ಐ ಎಂಬ ಚಿಕ್ಕ ಫ್ಯಾಟ್32 ಪಾರ್ಟಿಷನ್ನನ್ನು ಫಾರ್ಮ್ಯಾಟ್ ಮಾಡಬೇಡಿ, ಲಿನಕ್ಸ್ ಅದನ್ನೇ ಹಂಚಿಕೊಳ್ಳುತ್ತದೆ. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ವ್ಯವಸ್ಥೆ) ಆನ್ ಇದ್ದರೆ 48 ಅಂಕಿಗಳ ರಿಕವರಿ ಕೀ ಬರೆದಿಟ್ಟುಕೊಳ್ಳದೆ ಏನನ್ನೂ ಶುರು ಮಾಡಬೇಡಿ. ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿದ್ದರೆ ಬಯಾಸ್‌ನಲ್ಲಿ ಡಿಸ್ಕ್ ನೋಡಿಕೊಳ್ಳುವ ಇಂಟೆಲ್‌ನ ಆರ್‌ಎಸ್‌ಟಿ ಅಥವಾ ವಿಎಂಡಿ ಎಂಬ ಸೆಟ್ಟಿಂಗ್ ಆನ್ ಇದೆಯಾ ನೋಡಿ. ಆದರೆ ಅದನ್ನು ಸುಮ್ನೆ ಆಫ್ ಮಾಡಿದರೆ ವಿಂಡೋಸ್ ಏಳದೇ ಹೋಗಬಹುದು. ಮೊದಲು ವಿಂಡೋಸ್ ಅನ್ನು ಸೇಫ್ ಮೋಡ್‌ನಲ್ಲಿ ಏಳುವಂತೆ ಇಟ್ಟು, ಬಯಾಸ್‌ನಲ್ಲಿ ಬದಲಿಸಿ, ಒಮ್ಮೆ ಸೇಫ್ ಮೋಡ್‌ನಲ್ಲಿ ಎದ್ದ ಮೇಲೆ ಮಾಮೂಲಿಗೆ ತನ್ನಿ.

ಮಗನ ಫ್ರೀಬಿಎಸ್‌ಡಿ ಉಳಿಯಿತು. ಈ ಡಿಸ್ಕಿನಲ್ಲಿ ಅದಕ್ಕೆ ಜಾಗ ಬಿಟ್ಟು ಪ್ರಯೋಜನ ಇಲ್ಲ. ಎಂಬಿಆರ್ ಡಿಸ್ಕಿನಲ್ಲಿ ಅದಕ್ಕೆ ತನ್ನದೇ ಒಂದು ಪ್ರೈಮರಿ ಬೇಕು. ಆ ಪ್ರೈಮರಿಯನ್ನು ಅವರು ಸ್ಲೈಸ್ ಅನ್ನುತ್ತಾರೆ, ಅದರೊಳಗೆ ತಮ್ಮದೇ ಪಾರ್ಟಿಷನ್ ಮಾಡಿಕೊಳ್ಳುತ್ತಾರೆ. ಲಾಜಿಕಲ್‌ನಲ್ಲಿ ಅದು ಕೂರುವುದಿಲ್ಲ. ನಿಮ್ಮಲ್ಲಿ ಮೂರು ಪ್ರೈಮರಿ ಮತ್ತು ಒಂದು ಎಕ್ಸ್‌ಟೆಂಡೆಡ್, ಅಲ್ಲಿಗೆ ನಾಲ್ಕೂ ಮುಗಿಯಿತು. ಡಿಯನ್ನೂ ಇಯನ್ನೂ ಒಂದು ಮಾಡಿ ಒಂದು ಸಾಲು ಬಿಡಿಸಬಹುದು, ಆದರೆ ಕಲಿಯುವುದಕ್ಕೆ ಅಷ್ಟು ದೂರ ಹೋಗಬೇಕಿಲ್ಲ. ಲಿನಕ್ಸ್‌ನಲ್ಲಿ ವರ್ಚುವಲ್‌ಬಾಕ್ಸ್ (ಕಂಪ್ಯೂಟರಿನ ಒಳಗೇ ಇನ್ನೊಂದು ಕಂಪ್ಯೂಟರನ್ನು ಓಡಿಸುವ ಪ್ರೋಗ್ರಾಂ) ಹಾಕಿಕೊಂಡು 20 ಜಿಬಿಯ ವರ್ಚುವಲ್ ಡಿಸ್ಕ್ ಮಾಡಿಕೊಳ್ಳಲಿ. ಅದು ಇ ಡ್ರೈವ್‌ನಲ್ಲಿ ಒಂದು ಫೈಲ್ ಅಷ್ಟೇ. 2 ಜಿಬಿ ರ‍್ಯಾಮ್ ಕೊಟ್ಟರೆ ಕಲಿಯುವಷ್ಟು ಓಡುತ್ತದೆ. ಸ್ಲೈಸ್ ಮಾಡುವುದನ್ನು ಅದರೊಳಗೆ ಎಷ್ಟು ಸಲ ಬೇಕಾದರೂ ಕೆಡಿಸಿ ಕಲಿಯಲಿ, ನಿಮ್ಮ ತೋಟದ ಲೆಕ್ಕಕ್ಕೆ ಏನೂ ಆಗುವುದಿಲ್ಲ.